ನಾಷ್ಟಾ ಆಯಿತು ಎಂದು ಬರೆದ ದಿನಗಳು

ಮೊನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೊಮ್ಮಗಳು ನಿಶಾಳಿಗೆ ಕೆಲಸ ಸಿಕ್ಕಿದೆ. ಅದೂ ಕುಸ್ನಿಯ ಕೆಲಸ. ನಮ್ಮ ಕೊಂಕಣಿ ಮನೆಗಳಲ್ಲಿ ಅಡುಗೆಮನೆಗೆ ಕುಸ್ನಿ ಎನ್ನುತ್ತೇವೆ, ಅಜ್ಜನಿಗೆ ಆಬ್ ಎನ್ನುತ್ತೇವೆ. ಈ ಎರಡು ಶಬ್ದಗಳನ್ನು ಒಟ್ಟಿಗೆ ಕೇಳಿದ ಮೇಲೆ ನನ್ನಂಥವನಿಗೆ ನಿದ್ದೆ ಎಲ್ಲಿಂದ ಬರಬೇಕು.

"ಆಬ್, ಪೋಸ್ಟಿಂಗ್ ದುಕ್ಮ್‌ಗೆ. ಭಾನುವಾರ ಕಂಪನಿ ಬಸ್ಸಲ್ಲಿ ಹೋಗ್ಬೇಕು," ಎಂದಳು. "ನೀವು ಮೊದಲು ಇದ್ದದ್ದು ಅಲ್ಲೇ ಅಲ್ವಾ?"

"ಆ ಕಡೆಯೇ ಮಾರಾಯ್ತಿ. ಆಗ ಹಡಗಿನ ಬಂದರೂ ಇಲ್ಲ, ಕ್ಯಾಂಪೂ ಇಲ್ಲ. ಮಂಜು ಇತ್ತು, ಆಡುಗಳಿದ್ದವು, ನಾನಿದ್ದೆ."

"ಅಷ್ಟೇನಾ?"

"ಇಬ್ಬರು ವಿಮಾನದವರು ಇದ್ದರು."

ಅವಳು ಕೈಯಲ್ಲಿದ್ದ ಫೋನು ಕೆಳಗಿಟ್ಟಳು. ಅವಳು ಫೋನು ಕೆಳಗಿಡುವುದು ಅಪರೂಪ. "ಬರೆದು ಕೊಡಿ ಆಬ್. ನನ್ನ ಜೊತೆ ಸೇರುವವರಿಗೂ ಓದಿಸ್ತೇನೆ. ಅವರಿಗೆ ಕುಸ್ನಿ ಅಂದ್ರೆ ಸ್ಟೀಲು ಮತ್ತು ಚಾರ್ಟು ಅಂತ ಅಂದಾಜು."

ಹಾಗಾಗಿ ಮಸ್ಕತ್ತಿನ ಅಲ್ ಅಜೈಬಾದ ಈ ಮನೆಯ ಊಟದ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಗಳು ಸ್ಟೆಲ್ಲಾ ಆಗಾಗ ಬಂದು ನೋಡಿ ನಗುತ್ತಾಳೆ. ನಾನು ಓದಿದ್ದು ಶಿರ್ವದ ಹತ್ತಿರದ ಕನ್ನಡ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ. ಮಾತು ಕೊಂಕಣಿ, ಜಗಳ ತುಳು, ಬರವಣಿಗೆ ಕನ್ನಡ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಹೆಡ್ ಕುಕ್ ಯಾವಾಗ ಆದೆ, ಅದನ್ನೆಲ್ಲ ಬರೆಯುವುದಿಲ್ಲ. ಬಡ್ತಿ ಸಿಕ್ಕ ದಿನವೂ ಬೇಳೆ ಬೇಯಲು ಅಷ್ಟೇ ಹೊತ್ತು ಬೇಕಾಯಿತು.

ಕೆಲಸ ಕಲಿತದ್ದು ಮುಂಬೈಯ ಒಂದು ಕ್ಯಾಂಟೀನಿನಲ್ಲಿ. ಅಲ್ಲಿ ಮೇಸ್ತ್ರಿಯ ಸೌಟು ಒಂದು ಕಣ್ಣು ಪಾತ್ರೆಯ ಮೇಲೆ, ಒಂದು ಕಣ್ಣು ನಮ್ಮ ಬೆನ್ನಿನ ಮೇಲೆ ಇಡುತ್ತಿತ್ತು. ಅನ್ನ ತಳ ಹಿಡಿದರೆ ಏಟು. ಕಲಿತ ಹಿಂದಿಯೂ ಕುಸ್ನಿಯ ಹಿಂದಿಯೇ: ಪ್ಯಾಜ್, ನಮಕ್, ಗೋಶ್ತ್, ಗರಂ, ಠಂಡಾ, ನಾಷ್ಟಾ. ಆ ಹಿಂದಿ ನನ್ನನ್ನು ಎಲ್ಲಿಗೆ ಕೊಂಡುಹೋಯಿತು ಎಂಬುದೇ ಈ ಕಥೆ.

ಎಂಬತ್ತರ ದಶಕದ ಶುರುವಿನಲ್ಲಿ ಮಸ್ಕತ್ತಿಗೆ ಬಂದೆ. ಅಲ್ಲಿನ ರೂವಿ ಪೇಟೆಯಲ್ಲಿ ಮೊದಲ ವಾರವೇ ನನ್ನ ಮರ್ಯಾದೆ ಹೋಯಿತು. ನಮ್ಮ ಮೇಲಿನವರು ಸಾಲಿಂ ಎಂಬ ಒಮಾನಿ ಅಧಿಕಾರಿ, ಸರಕಾರದ ಅತಿಥಿಗೃಹಗಳನ್ನು ನೋಡಿಕೊಳ್ಳುವವರು. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು, ಯಜಮಾನರು ಎಂದ ಹಾಗೆ. ಅವರು ನನ್ನನ್ನು ಚಾಪೆಯ ಮೇಲೆ ಕೂರಿಸಿ ಚಿಕ್ಕ ಕಪ್ಪಿನಲ್ಲಿ ಕಹ್ವಾ, ಅಂದರೆ ಅವರ ಕಾಫಿ, ಕೊಟ್ಟರು. ಕುಡಿದೆ. ಮತ್ತೆ ಹೊಯ್ದರು. ಬೇಡ ಎಂದರೆ ಅವಮಾನವಾದೀತೆಂದು ಮತ್ತೆ ಕುಡಿದೆ. ಹಾಗೆ ಕುಡಿಯುತ್ತಲೇ ಹೋದೆ. ಏಲಕ್ಕಿಯ ಘಾಟಿಗೆ ಕಿವಿ ಬಿಸಿಯಾಯಿತು. ಕೊನೆಗೆ ಹೂಜಿ ಬರಿದಾಯಿತು.

"ಸಾಕಾದರೆ ಕಪ್ಪು ಅಲ್ಲಾಡಿಸಬೇಕು," ಎಂದರು ಅರ್ಬಾಬ್, ತಮ್ಮ ಹರುಕು ಹಿಂದಿಯಲ್ಲಿ. "ಅಲ್ಲಾಡಿಸುವವರೆಗೆ ಕೊಡುವುದು ನಮ್ಮ ಕೆಲಸ. ನಾನೂ ನೋಡುತ್ತಿದ್ದೆ, ಈ ಹಿಂದೂಸ್ತಾನಿಯ ಹೊಟ್ಟೆ ಎಷ್ಟು ದೊಡ್ಡದು ಅಂತ."

ಅತಿಥಿ ಎಂದರೆ ಅವರಿಗೆ ಅಷ್ಟು ಗಂಭೀರ. ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಕೆಲವು ತಿಂಗಳಲ್ಲಿ ನನ್ನನ್ನು ಕಡಲ ಕರೆಯ ಒಂದು ಅತಿಥಿಗೃಹಕ್ಕೆ ಕಳಿಸಿದರು. ಈಗಿನ ದುಕ್ಮ್ ಇರುವ ಕಡೆಗೇ, ಇನ್ನೂ ಸ್ವಲ್ಪ ಆಚೆ. ಮೂರು ಕೋಣೆ, ಒಂದು ಕುಸ್ನಿ, ಎದುರಿಗೆ ವಿಮಾನ ಇಳಿಯಲು ಬಡಿದು ಸಮ ಮಾಡಿದ ಜಲ್ಲಿಯ ಬಯಲು. ವಾರಕ್ಕೊಮ್ಮೆ ಲಾರಿ ಬರುತ್ತಿತ್ತು: ನೀರು, ಸೀಮೆಎಣ್ಣೆ, ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ. ಈಗಿನವರು ಗುಂಡಿ ಒತ್ತುತ್ತಾರೆ. ನಾನು ಪಂಪಿನ ಸ್ಟವ್ವಿಗೆ ಉಸಿರು ಕೊಟ್ಟು, ಅದರ ಸದ್ದು ಕೇಳಿಯೇ ಬೆಂಕಿ ಎಷ್ಟಿದೆ ಎಂದು ಹೇಳುತ್ತಿದ್ದೆ. ಊರಿನಿಂದ ತಂದ ಪುನರ್ಪುಳಿ ಮುಗಿದಾಗ ಒಮಾನಿಗಳ ಒಣ ಲಿಂಬೆ ಹಾಕಿ ಬಂಗುಡೆ ಸಾರು ಮಾಡಿದೆ. ಬದುಕಿನಲ್ಲಿ ನಾನು ಕಂಡುಹಿಡಿದದ್ದು ಅದೊಂದೇ.

ಬೆಳಿಗ್ಗೆ ಕಡಲಿನಿಂದ ಮಂಜು ಏಳುತ್ತಿತ್ತು. ಮರಳುಗಾಡಿನಲ್ಲಿ ಮಂಜು ಎಂದರೆ ಯಾರೂ ನಂಬುವುದಿಲ್ಲ. ಬಯಲೂ ಇಲ್ಲ, ಆಕಾಶವೂ ಇಲ್ಲ, ಬಾಗಿಲ ಹೊಸಿಲಿನಿಂದ ಆಚೆ ಹಾಲು ಚೆಲ್ಲಿದ ಹಾಗೆ. ಅದರೊಳಗಿಂದ ಆಡುಗಳು ಒಂದೊಂದೇ ಹುಟ್ಟಿ ಬರುತ್ತಿದ್ದವು: ಮೊದಲು ಗಂಟೆಯ ಸದ್ದು, ಆಮೇಲೆ ಕಿವಿ, ಆಮೇಲೆ ಉಳಿದ ಆಡು. ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತು, ಇದು ಒಮಾನೋ, ನಾನು ಇನ್ನೂ ಮುಂಬೈಯ ಕ್ಯಾಂಟೀನಿನ ಮೂಲೆಯಲ್ಲಿ ಮಲಗಿ ಕಾಣುತ್ತಿರುವ ಕನಸೋ ಎಂದುಕೊಳ್ಳುತ್ತಿದ್ದೆ.

ಅಂಥದೇ ಮಂಜಿನಲ್ಲಿ ಒಂದು ಬೆಳಿಗ್ಗೆ ಆ ವಿಮಾನ ಇಳಿಯಿತು. ಸದ್ದು ಮೊದಲು ತಲೆಯ ಮೇಲೆ ಸುತ್ತಿತು, ಆಮೇಲೆ ಜಲ್ಲಿ ಕೆರೆದ ಶಬ್ದ, ಆಮೇಲೆ ಏನೂ ಇಲ್ಲ. ಮಂಜು ಕರಗಿದಾಗ ನೋಡುತ್ತೇನೆ, ಬಯಲ ತುದಿಯಲ್ಲಿ ಒಂದು ವಿಮಾನ ಮೂಗು ಊರಿ ಕೂತಿದೆ. ಉತ್ತರದಲ್ಲಿ ಎರಡು ದೇಶಗಳು ಯುದ್ಧ ಮಾಡುತ್ತಿದ್ದ ಕಾಲ ಅದು. ದಾರಿ ತಪ್ಪಿ, ಎಣ್ಣೆ ಮುಗಿದು, ಯಾರ ಪಕ್ಷವೂ ಅಲ್ಲದ ನಮ್ಮ ನೆಲಕ್ಕೆ ಇಳಿದಿದ್ದರು. ಯಾವ ದೇಶದವರೆಂದು ಹೇಳಬೇಡ ಎಂದು ಅರ್ಬಾಬ್ ಅಂದು ಹೇಳಿದ್ದರು. ಅವರು ಈಗ ಇಲ್ಲ. ಆದರೂ ಮಾತು ಮಾತೇ, ಬರೆಯುವುದಿಲ್ಲ.

ಇಬ್ಬರಿದ್ದರು. ಹೆಸರು ಕೇಳಬಾರದೆಂದಿದ್ದರಿಂದ ನಾನು ಮನಸ್ಸಿನಲ್ಲೇ ದೊಡ್ಡವರು, ಸಣ್ಣವರು ಎಂದು ಕರೆದೆ. ದೊಡ್ಡವರು ನರೆತ ಮೀಸೆಯ ಪೈಲಟ್, ದಿನಾ ಬೆಳಿಗ್ಗೆ ಹೋಗಿ ಕ್ಯಾನ್ವಾಸು ಹೊದಿಸಿದ ವಿಮಾನಕ್ಕೆ ಸುತ್ತು ಬರುತ್ತಿದ್ದರು, ಕಾಯಿಲೆ ಬಿದ್ದ ಎತ್ತನ್ನು ನೋಡಿಬರುವ ಹಾಗೆ. ಸಣ್ಣವರು ನಕ್ಷೆ ನೋಡಿ ದಾರಿ ಹೇಳುವವರು. ದಾರಿ ತಪ್ಪಿದ್ದು ಅವರ ಲೆಕ್ಕದಲ್ಲಿ. ಕಿಟಕಿಯ ಬಳಿ ಕೂತು ಆಕಾಶ ನೋಡುವುದೇ ಅವರ ಕೆಲಸವಾಯಿತು.

ಅರ್ಬಾಬ್ ನನಗೆ ಮೂರು ಮಾತು ಹೇಳಿದರು. "ಇವರು ಕೈದಿಗಳಲ್ಲ, ದೈಫ್. ಅತಿಥಿಗಳು. ಆದರೆ ಯುದ್ಧ ಮುಗಿಯುವವರೆಗೆ, ಅಥವಾ ಮೇಲಿನವರು ಹೇಳುವವರೆಗೆ ಹೋಗುವಂತಿಲ್ಲ. ಅವರ ಕೈಗೆ ಚಾಕು ಸಿಗಬಾರದು. ಮತ್ತು ಏನು ತಿಂದರು ಎಂದು ದಿನಾ ಬರೆದಿಡು. ನನ್ನ ಮನೆಯಲ್ಲಿ ಅತಿಥಿ ಸೊರಗಿದರೆ ನಾನು ಮುಖ ತೋರಿಸುವುದು ಹೇಗೆ?"

ಆ ನೋಟ್‌ಬುಕ್ಕಿನಲ್ಲಿ ನಾನು ಕನ್ನಡದಲ್ಲಿ ಬರೆದೆ. ಬೇರೆ ಬರುತ್ತಿರಲಿಲ್ಲ. ಅರ್ಬಾಬ್ ವಾರಕ್ಕೊಮ್ಮೆ ಲಾರಿಯ ಜೊತೆ ಬಂದಾಗ ನಾನೇ ಓದಿ ಹೇಳುತ್ತಿದ್ದೆ.

ಬೆಳಿಗ್ಗೆ ಆಮ್ಲೆಟ್, ರೊಟ್ಟಿ, ಚೀಸು, ಚಹಾ. ತಟ್ಟೆ ಇಟ್ಟು ಅರ್ಧ ಗಂಟೆ ಬಿಟ್ಟು ಹೋಗಿ ಬಾಗಿಲಲ್ಲಿ ಕೇಳುತ್ತಿದ್ದೆ: "ಸಾಬ್, ನಾಷ್ಟಾ?"

ಸಣ್ಣವರು ಕಿಟಕಿಯಿಂದ ಮುಖ ತಿರುಗಿಸದೆ ಹೇಳುತ್ತಿದ್ದರು: "ನಾಷ್ಟಾ."

ತಟ್ಟೆ ನೋಡಿದರೆ ಖಾಲಿ. ನಾನು ಖುಷಿಯಿಂದ ಬಂದು ಬರೆಯುತ್ತಿದ್ದೆ: ನಾಷ್ಟಾ ಆಯಿತು. ಮಾರನೆಯ ದಿನವೂ: ನಾಷ್ಟಾ ಆಯಿತು. ಭಾಷೆ ಬಾರದ ಮನುಷ್ಯ ನನ್ನ ಮುಂಬೈ ಹಿಂದಿಗೆ ಉತ್ತರ ಕೊಡುತ್ತಾನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಊರಿಗೆ ಕಾಗದ ಬರೆಯುವಾಗಲೂ ಬರೆದೆ, ಇಲ್ಲಿ ನನ್ನ ಕೈಯ ಆಮ್ಲೆಟ್ಟಿಗೆ ಆಕಾಶದಿಂದ ಜನ ಇಳಿದು ಬರುತ್ತಾರೆ ಎಂದು. ಅದೇ ವಾರ ನನಗೂ ಕಾಗದ ಬಂದಿತ್ತು. ಹೆಣ್ಣು ಮಗು, ತಾಯಿ ಮಗು ಸುಖ, ಸ್ಟೆಲ್ಲಾ ಎಂದು ಹೆಸರಿಟ್ಟಿದ್ದೇವೆ. ಕಾಗದ ನಡೆದು ಬರಲು ಇಪ್ಪತ್ತು ದಿನ ತೆಗೆದುಕೊಂಡಿತ್ತು. ನಾನು ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಚಪಾತಿ ಲಟ್ಟಿಸುತ್ತಿದ್ದೆ.

ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಸಣ್ಣವರು ಜಗಲಿಯಲ್ಲಿ ನಡೆಯುತ್ತ ನಡೆಯುತ್ತ ಕುಸಿದರು. ಎತ್ತಿದಾಗ ಮೈ ಒಣ ಸೌದೆಯಷ್ಟು ಹಗುರ. ಲಾರಿಯ ದಿನವಾದ್ದರಿಂದ ಅರ್ಬಾಬ್ ಅಲ್ಲೇ ಇದ್ದರು. ನನ್ನನ್ನು ಕರೆದರು.

"ಓದು."

ಓದಿದೆ. ನಾಷ್ಟಾ ಆಯಿತು, ನಾಷ್ಟಾ ಆಯಿತು. ದೊಡ್ಡವರು ಆಗಷ್ಟೇ ಹೊಳೆದವರಂತೆ ಕೋಣೆಯ ಕಿಟಕಿಯ ಆಚೆ ಕೈ ತೋರಿಸಿದರು. ಅಲ್ಲಿ ಮೂರು ಆಡುಗಳು ನಿಂತಿದ್ದವು. ಬೇರೆ ಆಡುಗಳೆಲ್ಲ ಮುಳ್ಳುಗಿಡ ಹುಡುಕುತ್ತ ಅಲೆದರೆ, ಇವು ಮೂರು ನೆಂಟರ ಹಾಗೆ ಕಿಟಕಿಗೆ ಮುಖ ಮಾಡಿ ಕಾಯುತ್ತಿದ್ದವು. ಮೈ ಮಿರಿಮಿರಿ ಮಿಂಚುತ್ತಿತ್ತು. ನನ್ನ ಆಮ್ಲೆಟ್ಟು, ನನ್ನ ಅನ್ನ, ನನ್ನ ರೊಟ್ಟಿ. ರಾತ್ರಿ ದೊಡ್ಡವರ ಎದುರಿಗೆ ಎರಡು ತುತ್ತು ತಿಂದು, ಸಿಹಿ ಚಹಾ ಕುಡಿದು ಈ ಮನುಷ್ಯ ಜೀವ ಹಿಡಿದಿದ್ದ.

"ಅರ್ಬಾಬ್, ಅವರೇ ಹೇಳುತ್ತಿದ್ದರು. ದಿನಾ ಕೇಳಿದೆ. ದಿನಾ ನಾಷ್ಟಾ ಎಂದರು," ಎಂದೆ.

ಬಾಗಿಲಲ್ಲಿ ನಿಂತಿದ್ದ ಕಾವಲಿನ ಮುರಾದ್ ಚಹಾದ ಗ್ಲಾಸು ಕೆಳಗಿಟ್ಟ. ಬಲೂಚಿ ಮಾತಾಡುವ ಒಮಾನಿ, ಅವನ ತಾಯಿಯ ಕಡೆಯವರು ಕಡಲಿನ ಆಚೆ ದಡದವರು. ಅತಿಥಿಗಳೊಡನೆ ಮಾತು ಕಾವಲಿನವರಿಗೆ ನಿಷಿದ್ಧ, ಹಾಗಾಗಿ ಅವನು ಈ ಮಾತು ಕೇಳಿದ್ದು ಅಂದೇ ಮೊದಲು.

"ಏನಂತ ಕೇಳ್ತಿದ್ದೆ?"

"ನಾಷ್ಟಾ ಅಂತ."

"ಅವರು?"

"ನಾಷ್ಟಾ ಅಂತ."

"ಅಯ್ಯೋ ಬಾವರ್ಚಿ," ಎಂದ ಮುರಾದ್. "ನಮ್ಮ ನಿಮ್ಮ ಹಿಂದಿಯಲ್ಲಿ ಅದು ಬೆಳಗಿನ ತಿಂಡಿ. ಅವರ ಭಾಷೆಯಲ್ಲಿ ನಾಷ್ಟಾ ಅಂದ್ರೆ ಖಾಲಿ ಹೊಟ್ಟೆ. ಏನೂ ತಿಂದಿಲ್ಲ ಅಂತ ದಿನಾ ನಿನಗೇ ಹೇಳಿದ್ದಾರೆ."

ನಾನು ನೋಟ್‌ಬುಕ್ ನೋಡಿದೆ. ಅಷ್ಟೂ ದಿನಗಳ ಸಾಲುಗಳು. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ನಾನೂ ಸುಳ್ಳು ಬರೆದಿರಲಿಲ್ಲ. ನಡುವೆ ಒಬ್ಬ ಸಾಯುತ್ತಿದ್ದ.

ಅರ್ಬಾಬ್ ಗಟ್ಟಿಯಾಗಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಮುಂದಿನ ಲಾರಿಯವರೆಗೆ ನೋಡುತ್ತೇನೆ," ಎಂದರು. "ಅಷ್ಟರಲ್ಲಿ ಅವನು ತಿನ್ನದಿದ್ದರೆ ಅವನನ್ನು ನಗರದ ಆಸ್ಪತ್ರೆಗೆ ಕೊಂಡುಹೋಗುತ್ತೇನೆ. ಹಿರಿಯ ಇಲ್ಲೇ ಉಳಿಯಬೇಕಾಗುತ್ತದೆ, ಇಬ್ಬರನ್ನೂ ಒಟ್ಟಿಗೆ ನಗರಕ್ಕೆ ಒಯ್ಯಲು ಅಪ್ಪಣೆಯಿಲ್ಲ. ಮತ್ತೆ ನೀನು ನಿನ್ನ ಊರಿಗೆ. ಖಲಾಸ್."

ಅರ್ಬಾಬ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ದೊಡ್ಡವರು ಗೋಡೆಗೆ ಒರಗಿದರು. ಅವರೇ ಇಂಗ್ಲಿಷಿನಲ್ಲಿ ಕಾರಣ ಹೇಳಿದರು, ಮುರಾದ್ ನನಗೆ ತಿಳಿಸಿದ. ಸಣ್ಣವರು ಮನೆ ಬಿಡುವಾಗ ಹೆಂಡತಿಗೆ ದಿನ ತುಂಬಿತ್ತು. ಹೆರಿಗೆ ಆಯಿತೋ, ಇಬ್ಬರೂ ಬದುಕಿದ್ದಾರೋ, ತಾನು ಬದುಕಿದ್ದೇನೆಂದು ಅವಳಿಗೆ ಗೊತ್ತೋ, ಯಾವುದೂ ತಿಳಿಯದು. ಬರೆದ ಕಾಗದ ಮೇಲಿನವರ ಅಪ್ಪಣೆಗೆ ಕಾದು ಮೇಜಿನ ಮೇಲೆ ಬಿದ್ದಿತ್ತು. ಹಠವಲ್ಲ, ವ್ರತವಲ್ಲ. ತುತ್ತು ಗಂಟಲಿಗೆ ಇಳಿಯುತ್ತಿರಲಿಲ್ಲ, ಅಷ್ಟೇ.

ನನ್ನ ಕಿಸೆಯಲ್ಲಿದ್ದ ಕಾಗದ ಎದೆಗೆ ಚುಚ್ಚಿತು.

ಅರ್ಬಾಬ್ ಹೊರಡುವ ಮುಂಚೆ ಆ ಮೇಜಿನ ಬಳಿ ಹೋದರು. ಬಹಳ ಹೊತ್ತು ನಿಂತರು. ಆಮೇಲೆ ಸಣ್ಣವರ ಕಾಗದವನ್ನು ತಮ್ಮ ನಿಲುವಂಗಿಯ ಒಳಗೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಲಾರಿ ಹತ್ತಿದರು.

ಏಳು ದಿನ ನನ್ನ ಕೈಯಲ್ಲಿ. ಮೊದಲ ದಿನ ಕೋಳಿ ಸೂಪು ಮಾಡಿದೆ. ಒಂದು ಚಮಚ. ಎರಡನೆಯ ದಿನ ಗಂಜಿ. ಅರ್ಧ ಚಮಚ. ಮೂರನೆಯ ದಿನ ನಾನು ಸೋತು ಕುಸ್ನಿಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಸಣ್ಣವರು ಗೋಡೆ ಹಿಡಿದು ನಿಂತಿದ್ದರು.

"ಪಿಯಾಜ್," ಎಂದರು.

"ಹೌದು ಸಾಬ್, ಪ್ಯಾಜ್."

"ನಮಕ್?" ಎಂದು ಡಬ್ಬಿ ತೋರಿಸಿದರು.

"ನಮಕ್."

ನನಗೆ ಏನೋ ಹೊಳೆಯಿತು. ಕುಸ್ನಿಯ ಒಂದೊಂದೇ ವಸ್ತು ಎತ್ತಿ ತೋರಿಸಿದೆ. ಗೋಶ್ತ್, ಸಬ್ಜಿ, ಚಾಯ್, ಗರಂ. ಸೋಪು ತೋರಿಸಿ ಸಾಬೂನು ಎಂದೆ, ಅವರೂ ಸಾಬೂನ್ ಎಂದರು. ನಮ್ಮ ಕನ್ನಡದ ತಯಾರು ಅವರಿಗೂ ತಯಾರು. ಯುದ್ಧದ ಮನುಷ್ಯನ ಬಾಯಲ್ಲಿ ಶಿರ್ವದ ಅಂಗಡಿಯ ಶಬ್ದಗಳು. ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಒಂದು ಶಬ್ದ ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಆಮೇಲೆ ಅವರು ಕೈ ಚಾಚಿದರು. ಚಾಕಿಗೆ.

ನಿಯಮ ನನಗೆ ಗೊತ್ತಿತ್ತು. ಆದರೆ ಆ ಕೈ ನೋಡಿದೆ. ಒಂದೂವರೆ ತಿಂಗಳು ಅದು ಅತಿಥಿಯ ಕೈ, ಕೊಟ್ಟದ್ದನ್ನು ತೆಗೆದುಕೊಳ್ಳುವ ಕೈ. ಅದಕ್ಕೂ ಮುಂಚೆ ದಾರಿ ತಪ್ಪಿಸಿದ ಕೈ. ನಾನು ಚಾಕಿನ ಹಿಡಿಯನ್ನು ಅವರ ಕಡೆ ತಿರುಗಿಸಿ ಕೊಟ್ಟೆ.

ಈರುಳ್ಳಿ ಕೂದಲೆಳೆಯ ಹಾಗೆ ಹೆಚ್ಚಿದರು. ಅಕ್ಕಿ ಅರ್ಧ ಬೇಯಿಸಿ ಬಸಿದರು, ತಳಕ್ಕೆ ತುಪ್ಪ ಸುರಿದರು, ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿದರು. ಸ್ಟವ್ ಸಣ್ಣದು ಮಾಡು ಎಂದು ಸನ್ನೆ. ಕಾದೆವು. ನನ್ನ ಮೂಗಿಗೆ ಗೊತ್ತಾಯಿತು, ಅನ್ನ ತಳ ಹಿಡಿಯುತ್ತಿದೆ. ಮುಂಬೈಯ ಸೌಟು ನೆನಪಾಗಿ ಬೆನ್ನು ಜುಮ್ಮೆಂದಿತು. ಪಾತ್ರೆ ಇಳಿಸಲು ಹೋದರೆ ಕೈ ಹಿಡಿದು ನಿಲ್ಲಿಸಿದರು. ಮೂರು ಸಲ ಹೋದೆ, ಮೂರು ಸಲ ಹಿಡಿದರು.

ಕೊನೆಗೆ ಪಾತ್ರೆಯನ್ನು ತಟ್ಟೆಯ ಮೇಲೆ ಮಗುಚಿದರು. ಮೇಲೆ ಬಂಗಾರದ ಬಣ್ಣದ ಹೊರಪದರ, ಮುಚ್ಚಳದ ಹಾಗೆ ಗುಂಡಗೆ. ನಾನು ಬದುಕಿಡೀ ಕೆರೆದು ಎಸೆದದ್ದು ಅವರಲ್ಲಿ ಅತಿಥಿಗೆ ಕೊಡುವ ತುಂಡು.

ಅದನ್ನು ಮುರಿಯುವ ಹೊತ್ತಿಗೆ ಬಾಗಿಲಲ್ಲಿ ಅರ್ಬಾಬ್ ನಿಂತಿದ್ದರು. ಲಾರಿಯ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು, ಕಾಗದದ ಸುದ್ದಿ ಹೇಳಲು ಜೀಪಿನಲ್ಲಿ ಬಂದಿದ್ದರು. ಅವರ ಕಣ್ಣು ನೇರ ಚಾಕಿನ ಮೇಲೆ ಹೋಯಿತು. ಸಣ್ಣವರು ಬಂಗಾರದ ತುಂಡನ್ನು ಎರಡು ಮಾಡಿ ಒಂದನ್ನು ಅವರಿಗೆ ಚಾಚಿದರು, ಇನ್ನೊಂದನ್ನು ತಾವೇ ಕಚ್ಚಿದರು. ಕರುಂ ಎಂದಿತು. ಅಗಿದರು. ನುಂಗಿದರು. ನಾನು ಆ ಗಂಟಲನ್ನೇ ನೋಡುತ್ತಿದ್ದೆ.

ಅರ್ಬಾಬ್ ನಿಂತಲ್ಲೇ ತಿಂದು ಮುಗಿಸಿ ಗಡ್ಡ ಒರೆಸಿಕೊಂಡರು. "ನಾನು ಚಾಕು ನೋಡಲಿಲ್ಲ," ಎಂದರು ನನಗೆ. "ಈರುಳ್ಳಿ ನೋಡಿದೆ."

ಕಾಗದ ಎರಡೂ ಕಡೆಗೆ ಹೋಗಿಬರುವ ಯಾರದೋ ಕೈಯಲ್ಲಿ ಹೊರಟಿದೆ ಎಂದು ಅವರು ತಿಳಿಸಿದರು. ಅಂದಿನಿಂದ ಸಣ್ಣವರು ದಿನಾ ಕುಸ್ನಿಗೆ ಬಂದರು. ಆಸ್ಪತ್ರೆಯ ಮಾತು ನಿಂತಿತು. ನಾನು ಬಾಗಿಲಲ್ಲಿ ನಿಂತು ಕೇಳುವುದನ್ನು ಬಿಟ್ಟು ಎದುರಿಗೆ ಕೂತು ಒಟ್ಟಿಗೆ ತಿಂದೆ. ಕಿಟಕಿಯ ಮೂರು ಆಡುಗಳು ಒಂದು ವಾರ ಕಾದು, ಮಂಜಿನೊಳಗೆ ಹೋಗಿಬಿಟ್ಟವು.

ಉತ್ತರ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಅಂದು ನಾನು ಮೀನು ಕೆರೆಯುತ್ತಿದ್ದೆ. ಸಣ್ಣವರು ಜಗಲಿಯಿಂದ ಓಡುತ್ತ ಬಂದರು, ಕೈಯಲ್ಲಿ ಕಾಗದ, ಕಣ್ಣಲ್ಲಿ ನೀರು ಸುರಿಯುತ್ತಿದೆ. "ದೊಖ್ತರ್, ದೊಖ್ತರ್," ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಮತ್ತೆ ಏನಾಯಿತೋ. ಮೀನು ಬಿಟ್ಟು ವೈರ್‌ಲೆಸ್ಸಿನ ಕೋಣೆಗೆ ಓಡಿದೆ. "ಮುರಾದ್ ಭಾಯ್, ಡಾಕ್ಟರನ್ನು ಕರೆಸು. ಸಾಬ್ ಅಳುತ್ತಿದ್ದಾರೆ, ಡಾಕ್ಟರ್ ಡಾಕ್ಟರ್ ಅನ್ನುತ್ತಿದ್ದಾರೆ."

ಮುರಾದ್ ವೈರ್‌ಲೆಸ್ ಎತ್ತಿಕೊಂಡವನು ಹೊರಗಿನ ಕೂಗು ಕೇಳಿ ಮತ್ತೆ ಕೆಳಗಿಟ್ಟ. ಮೇಜಿನ ಮೇಲೆ ತಲೆಯಿಟ್ಟು ನಗಲು ಶುರುಮಾಡಿದ. "ನಿನ್ನ ತಲೆ. ದೊಖ್ತರ್ ಅಂದ್ರೆ ಮಗಳು ಕಣೋ. ಅವರಿಗೆ ಮಗಳು ಹುಟ್ಟಿದ್ದಾಳೆ."

ನಾನು ಕುಸ್ನಿಗೆ ಹಿಂದೆ ನಡೆದೆ. ಕಿಸೆಯಿಂದ ನನ್ನ ಕಾಗದ ತೆಗೆದೆ, ಅಷ್ಟು ದಿನ ತೋರಿಸಲು ನಾಚಿಕೆಯಾಗಿ ಇಟ್ಟುಕೊಂಡಿದ್ದೆ. ನನ್ನ ಎದೆ ಮುಟ್ಟಿ "ದೊಖ್ತರ್," ಎಂದೆ. ಮೀನಿನ ಪೊರೆ ಹತ್ತಿದ ನನ್ನ ಕೈಗಳನ್ನೂ ಲೆಕ್ಕಿಸದೆ ಅವರು ನನ್ನನ್ನು ಅಪ್ಪಿಕೊಂಡರು.

ಕೆಲವು ವಾರಗಳ ನಂತರ ಅವರನ್ನು ಕಳಿಸುವ ಅಪ್ಪಣೆ ಬಂತು. ಬೆಳಿಗ್ಗೆ ಮಂಜು. ಜೀಪು ಕಾಣಿಸುತ್ತಿರಲಿಲ್ಲ, ಸದ್ದು ಮಾತ್ರ. ಅರ್ಬಾಬ್ ಕಹ್ವಾ ಹೊಯ್ದರು. ದೊಡ್ಡವರು ಬೇಗ ಕಪ್ಪು ಅಲ್ಲಾಡಿಸಿದರು, ಸಣ್ಣವರು ತಡವಾಗಿ. ನಾನು ದಾರಿಗೆ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ. ಸಣ್ಣವರು ಕುಸ್ನಿಯ ಬಾಗಿಲಿಗೆ ಬಂದು, ನಾನು ದಿನಾ ನಿಲ್ಲುತ್ತಿದ್ದ ಹಾಗೆ ನಿಂತು ಕೇಳಿದರು:

"ನಾಷ್ಟಾ?"

"ನಾಷ್ಟಾ," ಎಂದೆ.

ಯಾರ ಭಾಷೆಯಲ್ಲಿ ಹೇಳಿದೆನೆಂದು ಅವರಿಗೆ ಗೊತ್ತಾಯಿತು. ಬುತ್ತಿ ಬಿಚ್ಚಿ, ತಳ ಹಿಡಿದ ಅನ್ನದ ತುಂಡು ಮುರಿದು ನನ್ನ ಕೈಯಲ್ಲಿಟ್ಟರು. ನಾನು ತಿಂದು ಮುಗಿಸುವವರೆಗೆ ಜೀಪು ಕಾಯಿತು. ಆಮೇಲೆ ಮಂಜು ಅವರನ್ನು ತೆಗೆದುಕೊಂಡಿತು: ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಮೇಲೆತ್ತಿದ ಕೈ.

ಇಲ್ಲಿಯವರೆಗೆ ಬರೆದು ತಲೆಯೆತ್ತಿದರೆ ನಿಶಾ ಎದುರಿಗೆ ನಿಂತಿದ್ದಾಳೆ. ಪೆಟ್ಟಿಗೆ ಕಟ್ಟಿ ಮುಗಿದಿದೆಯಂತೆ.

"ಆಬ್, ನಾಷ್ಟಾ ಆಯ್ತಾ?"

"ಆಯ್ತು ಮಗಾ," ಎಂದೆ. ಬರೆಯುವುದು ನಿಲ್ಲಬಾರದಲ್ಲ.

ಈ ಹಾಳೆಗಳನ್ನು ಅವಳು ಇನ್ನೂ ಒಂದೂ ಓದಿಲ್ಲ. ಆದರೂ ನನ್ನ ಮಾತನ್ನು ನಂಬದೆ ಮೇಜಿಗೆ ಬಂದು, ಮುಚ್ಚಿಟ್ಟಿದ್ದ ತಟ್ಟೆಯ ಮುಚ್ಚಳ ಎತ್ತಿದಳು. ಸ್ಟೆಲ್ಲಾ ಬೆಳಿಗ್ಗೆ ಇಟ್ಟ ಎರಡು ಸನ್ನಾಣ, ನಮ್ಮ ಕಡೆಯ ಇಡ್ಲಿ, ಇಟ್ಟ ಹಾಗೇ ಇದ್ದವು. ನಿಶಾ ನನ್ನ ಕೈಯಿಂದ ಪೆನ್ನು ತೆಗೆದಿಟ್ಟು, ಕುರ್ಚಿ ಎಳೆದು ಎದುರಿಗೆ ಕೂತಳು.